ಹಳೆಯ ಕೈಗಡಿಯಾರವೂ ಬಲ್ಲವನ ಮೌನವೂ

ಕೊಡುವವನೂ ಕೊಳ್ಳುವವನೂ ಪದಾರ್ಥವನ್ನು ಸಮವಾಗಿ ಬಲ್ಲವರಾಗಿದ್ದರೆ ಬೆಲೆಯ ವಿಷಯದಲ್ಲಿ ಧರ್ಮವಿಚಾರಕ್ಕೆ ಹೆಚ್ಚಿನ ಅವಕಾಶವಿರುವುದಿಲ್ಲ. ಸಿಂಧನೂರಿನ ಪೇಟೆಗೆ ಬತ್ತವನ್ನು ತಂದ ರೈತನೂ ಅದನ್ನು ಕೊಳ್ಳುವ ವ್ಯಾಪಾರಿಯೂ ಕಾಳನ್ನು ಅಂಗೈಯಲ್ಲಿ ತಿಕ್ಕಿ ನೋಡಬಲ್ಲರು. ಹಸಿಯೆಷ್ಟು, ಜೊಳ್ಳೆಷ್ಟು ಎಂಬುದು ಇಬ್ಬರಿಗೂ ತಿಳಿಯುತ್ತದೆ. ಆದರೆ ಒಬ್ಬನು ಬಲ್ಲವನೂ ಮತ್ತೊಬ್ಬನು ಅರಿಯದವನೂ ಆಗಿರುವಲ್ಲಿ, ಬಲ್ಲವನು ತನಗೆ ತಿಳಿದುದನ್ನು ಹೇಳತಕ್ಕದ್ದೋ, ಹೇಳದೆ ಲಾಭವನ್ನು ಪಡೆದರೆ ತಪ್ಪೋ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆ ಬಹಳ ಹಳೆಯದು. ಹಳೆಯದೊಂದು ಕೈಗಡಿಯಾರದಂತಹ ಸಣ್ಣ ವಸ್ತುವಿನಲ್ಲಿ ಅದು ತನ್ನ ಎಲ್ಲ ಮುಖಗಳನ್ನೂ ತೋರಿಸುತ್ತದೆ.

ತುಂಗಭದ್ರೆಯ ದಂಡೆಯ ದಢೇಸುಗೂರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಹಿರಿಯಳ ಪೆಟ್ಟಿಗೆಯಲ್ಲಿ, ರೇಷ್ಮೆಯ ಚೂರಿನಲ್ಲಿ ಸುತ್ತಿಟ್ಟ, ಹಳೆಯ ನಾಲ್ಕಾಣೆಯ ಬಿಲ್ಲೆಯಷ್ಟೇ ಅಗಲವಾದ ಬಂಗಾರದ ಕೈಗಡಿಯಾರವೊಂದಿದೆ. ಅದನ್ನು ಮಾವನವರು ಹೈದರಾಬಾದಿನಿಂದಲೋ ಮುಂಬಯಿಯಿಂದಲೋ ತಂದರೆಂದು ಮನೆಯ ಮಾತು. ಅದು ನಿಂತು ಎಷ್ಟೋ ವರ್ಷಗಳಾದುವು. ಈಗ ಮೊಮ್ಮಗಳ ಓದಿಗೆ ಹಣ ಬೇಕಾಗಿದೆ. ಹಳೆಯ ಸಾಮಾನುಗಳನ್ನು ಕೊಳ್ಳುವ ವ್ಯಾಪಾರಿಯ ಮುಂದೆ ಮುದುಕಿಯು ಅದನ್ನಿಟ್ಟು, "ಇದರಾಗ ನನಗೇನೂ ತಿಳಿಯಂಗಿಲ್ಲಪ್ಪಾ, ನೀನೇ ನೋಡಿ ಹೇಳು" ಎನ್ನುತ್ತಾಳೆ. ಅವನು ಬೆನ್ನಿನ ಮುಚ್ಚಳವನ್ನು ತೆಗೆದು ಭೂತಗನ್ನಡಿಯಿಂದ ನೋಡಿ, ಬಂಗಾರದ ತೂಕಕ್ಕೆ ಸಲ್ಲುವ ಬೆಲೆಯನ್ನು ಹೇಳುತ್ತಾನೆ. ಒಳಗಿನ ಯಂತ್ರದ ಹೆಸರಿನಿಂದ ಅದು ಹತ್ತು ಪಾಲು ಹೆಚ್ಚು ಬಾಳುವುದೆಂದು ಅವನಿಗೆ ತಿಳಿದಿದೆ. ಅವನು ಒಂದು ಸುಳ್ಳನ್ನೂ ಆಡಲಿಲ್ಲ. ತೂಕದಲ್ಲಿ ಮೋಸ ಮಾಡಲಿಲ್ಲ. ಹೇಳಿದ ಹಣವನ್ನು ಕೂಡಲೆ ಎಣಿಸಿ ಕೊಟ್ಟನು. ಅವನು ಮಾಡಿದುದು ಸರಿಯೆ?

೧

ಇದಕ್ಕೆ ಉತ್ತರ ಹೇಳುವ ಮುನ್ನ ಬಲ್ಲವನು ಬಲ್ಲುದೇನು ಎಂಬುದನ್ನು ನೋಡಬೇಕು. ಗಡಿಯಾರದ ಕಾಲವನ್ನು ನಿರ್ಣಯಿಸುವುದು ಮಂತ್ರವಿದ್ಯೆಯಲ್ಲ. ಸಾಕ್ಷಿಗಳನ್ನು ಒಂದೊಂದಾಗಿ ವಿಚಾರಿಸುವ ಕೆಲಸ. ಸ್ವಿಟ್ಜರ್ಲೆಂಡಿನಲ್ಲಿ ೧೮೮೦ರ ಕಾನೂನಿನಿಂದ ಬಂಗಾರದ ಗಡಿಯಾರಗಳ ಕವಚಕ್ಕೆ ಸರಕಾರದ ಮುದ್ರೆ ಬೀಳತೊಡಗಿತು; ಹದಿನೆಂಟು ಕ್ಯಾರಟ್ಟಿಗೆ ಹೆಲ್ವೇಶಿಯಾ ಎಂಬ ದೇಶಮಾತೆಯ ತಲೆ, ಹದಿನಾಲ್ಕಕ್ಕೆ ಅಳಿಲು. ೧೯೯೫ರಲ್ಲಿ ಇವುಗಳ ಸ್ಥಾನಕ್ಕೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂದಿತು. ಇಂಗ್ಲೆಂಡಿಗೆ ಆಮದಾದ ಕವಚಗಳಿಗೆ ೧೯೦೭ರಿಂದ ಅಲ್ಲಿಯ ಪರೀಕ್ಷಾಲಯದ ಮುದ್ರೆ ಕಡ್ಡಾಯವಾಯಿತು; ಅದರಲ್ಲಿ ವರ್ಷಕ್ಕೊಂದರಂತೆ ಬದಲಾಗುವ ಅಕ್ಷರವಿರುವುದರಿಂದ ಅಂಥ ಕವಚದ ವರ್ಷವನ್ನೇ ಓದಬಹುದು. ಯಂತ್ರದಲ್ಲಿ ಇನ್‌ಕಾಬ್ಲಾಕ್ ಎಂಬ ಪೆಟ್ಟು ತಡೆಯುವ ಸಾಧನವಿದ್ದರೆ ಅದು ೧೯೩೪ಕ್ಕಿಂತ ಹಿಂದಿನದಲ್ಲ. ಕೀಲಿ ಕೊಡುವುದರ ಬದಲು ಬ್ಯಾಟರಿಯೂ ಕ್ವಾರ್ಟ್ಸ್ ಹರಳೂ ಇದ್ದರೆ, ಜಪಾನಿನ ಸೀಕೊ ಸಂಸ್ಥೆಯು ೧೯೬೯ರ ಡಿಸೆಂಬರ್ ೨೫ರಂದು ಅಂತಹ ಮೊದಲ ಕೈಗಡಿಯಾರವನ್ನು ಮಾರಾಟಕ್ಕೆ ತಂದುದಕ್ಕಿಂತ ಈಚೆಗಿನದು. ಕವಚದ ಮೇಲಿನ ಮತ್ತು ಯಂತ್ರದ ಮೇಲಿನ ಕ್ರಮಸಂಖ್ಯೆಗಳಿಂದ, ಜಿನೀವಾದ ಪಾಟೆಕ್ ಫಿಲಿಪ್, ಸ್ಯಾಂತ್ ಇಮಿಯೆಯ ಲಾಂಜೀನ್ ಮೊದಲಾದ ಕಾರ್ಖಾನೆಗಳವರು ತಮ್ಮ ಹಳೆಯ ಲೆಕ್ಕದ ಪುಸ್ತಕಗಳನ್ನು ನೋಡಿ ಕಾಲವನ್ನು ತಿಳಿಸಬಲ್ಲರು.

ಊರಿನ ಸಾಕ್ಷಿಗಳೂ ಉಂಟು. ರಿಪೇರಿಯವರು ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತಮ್ಮ ಗುರುತನ್ನೋ ತಾರೀಖನ್ನೋ ಗೀರಿಡುವುದು ಹಳೆಯ ರೂಢಿ. ಆ ಗೀರುಗಳು ಗಡಿಯಾರದ ದಿನಚರಿ. ಪೆಟ್ಟಿಗೆಯ ತಳದಲ್ಲಿ ಹಾಲಿ ಸಿಕ್ಕಾ ರೂಪಾಯಿಗಳಲ್ಲಿ ಬರೆದ ಬಿಲ್ಲು ಸಿಕ್ಕಿದರೆ, ಹೈದರಾಬಾದು ಸಂಸ್ಥಾನದ ನಾಣ್ಯವು ಚಲಾವಣೆಯಲ್ಲಿದ್ದ ಕಾಲದ ಖರೀದಿಯೆಂಬುದಕ್ಕೆ ಬೇರೆ ಪ್ರಮಾಣ ಬೇಡ. ಮದುವೆಯ ಹಳೆಯ ಭಾವಚಿತ್ರದಲ್ಲಿ ಆ ಗಡಿಯಾರವು ವಧುವಿನ ಮುಂಗೈಯಲ್ಲಿ ಕಂಡರೆ ಅದೂ ಒಂದು ಪ್ರಮಾಣವೇ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಗುರುತುಗಳಲ್ಲಿ ಬಹುಪಾಲು "ಇದಕ್ಕಿಂತ ಹಿಂದಿನದಲ್ಲ" ಅಥವಾ "ಇದಕ್ಕಿಂತ ಈಚಿನದಲ್ಲ" ಎಂದು ಮಾತ್ರ ನುಡಿಯುತ್ತವೆ. ಎರಡು ಎಲ್ಲೆಗಳ ನಡುವೆ ಹತ್ತು ಹದಿನೈದು ವರ್ಷಗಳು ಉಳಿದರೆ, ಉಳಿದಷ್ಟನ್ನೂ ಹಾಗೆಯೇ ಹೇಳುವುದು ಪ್ರಾಮಾಣಿಕತೆ. ಬೆಲೆ ಬರಲೆಂದು ಅವುಗಳಲ್ಲಿ ಅತ್ಯಂತ ಹಳೆಯ ವರ್ಷವನ್ನು ಆರಿಸಿ ಹೇಳುವುದು ಅಪ್ರಾಮಾಣಿಕತೆ. ಆದಕಾರಣ ಕಾಲನಿರ್ಣಯವು ಬುದ್ಧಿಯ ಕೆಲಸವಾಗಿರುವಂತೆ ನಡತೆಯ ಕೆಲಸವೂ ಆಗಿದೆ. ತಿಳಿದಷ್ಟನ್ನೇ ಹೇಳುವುದಕ್ಕೆ ತಿಳಿಯುವುದಕ್ಕಿಂತ ಹೆಚ್ಚಿನ ಸಂಯಮ ಬೇಕು.

೨

ಇನ್ನು ಬೆಲೆ. ಇಂತಹ ಗಡಿಯಾರದಲ್ಲಿ ನಾಲ್ಕು ಬಗೆಯ ಬೆಲೆಗಳು ಕೂಡಿಕೊಂಡಿರುತ್ತವೆ.

ಮೊದಲನೆಯದು ಲೋಹದ ಬೆಲೆ. ಇದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಯಂತ್ರ, ಗಾಜು, ಪಟ್ಟಿಗಳನ್ನು ಕಳೆದು ಕವಚವು ಆರು ಗ್ರಾಂ ತೂಗಿತೆನ್ನೋಣ. ಹದಿನೆಂಟು ಕ್ಯಾರಟ್ಟೆಂದರೆ ನೂರಕ್ಕೆ ಎಪ್ಪತ್ತೈದು ಪಾಲು ಬಂಗಾರವಾದುದರಿಂದ ಅಪ್ಪಟ ಬಂಗಾರವು ನಾಲ್ಕೂವರೆ ಗ್ರಾಂ. ಪತ್ತಾರನ ಒರೆಗಲ್ಲು ಹೇಳುವುದು ಇಷ್ಟನ್ನೇ. ಎರಡನೆಯದು ಕೆಲಸಗಾರಿಕೆಯ ಬೆಲೆ. ಹೆಂಗಸರ ಮುಂಗೈಗೆಂದು ಮಾಡಿದ ಸಣ್ಣ ಯಂತ್ರಗಳಲ್ಲಿ ದೊಡ್ಡವುಗಳಲ್ಲಿರುವ ಮುಖ್ಯ ಅಂಗಗಳೆಲ್ಲವೂ ಕಿರಿದಾದ ಜಾಗದಲ್ಲಿ ಅಡಗಿರಬೇಕು. ಜೇಗರ್ ಲೆಕೂಲ್ತ್ರ್ ಕಾರ್ಖಾನೆಯವರು ೧೯೨೯ರಲ್ಲಿ ಮಾಡಿದ ೧೦೧ ಎಂಬ ಯಂತ್ರವು ಹದಿನಾಲ್ಕು ಮಿಲಿಮೀಟರು ಉದ್ದ, ಐದಕ್ಕೂ ಕಡಮೆ ಅಗಲ, ಸುಮಾರು ಒಂದು ಗ್ರಾಂ ತೂಕ. ೧೯೫೩ರ ಪಟ್ಟಾಭಿಷೇಕದ ದಿನ ಎಲಿಜಬೆತ್ ರಾಣಿಯು ಧರಿಸಿದ್ದುದು ಅಂತಹ ಯಂತ್ರವುಳ್ಳ ಗಡಿಯಾರವನ್ನೇ. ಒಂದು ಗುಲಗಂಜಿಯನ್ನು ತೂಗುವವನ ತಕ್ಕಡಿಗೆ ಈ ಕೈಚಳಕವು ಸಿಕ್ಕುವುದಿಲ್ಲ.

ಮೂರನೆಯದು ಅಕೃತ್ರಿಮತೆಯ ಬೆಲೆ. ಸಂಗ್ರಾಹಕರು ಮೂಲದ ಮುಖಫಲಕವನ್ನು, ಅದು ಮಾಸಿ ಹಳದಿಯಾಗಿದ್ದರೂ, ಹೊಸ ಬಣ್ಣ ಬಳಿದುದಕ್ಕಿಂತ ಮೇಲೆಂದು ಎಣಿಸುತ್ತಾರೆ. ಒಂದರ ಯಂತ್ರವನ್ನು ಇನ್ನೊಂದರ ಕವಚಕ್ಕೆ ಕೂಡಿಸಿ, ಫಲಕಕ್ಕೆ ಹೊಸದಾಗಿ ಹೆಸರು ಬರೆದು ಮಾರುವ ಬೆರಕೆಯ ಗಡಿಯಾರಗಳು ನಮ್ಮ ದೇಶದ ಪೇಟೆಗಳಲ್ಲಿ ಬಹಳವಾಗಿರುವುದರಿಂದ, ಯಾರೂ ಮುಟ್ಟದೆ ಪೆಟ್ಟಿಗೆಯಲ್ಲಿ ಉಳಿದುದಕ್ಕೆ ವಿಶೇಷವಾದ ಮನ್ನಣೆ. ನಾಲ್ಕನೆಯದು ನೆನಪಿನ ಬೆಲೆ. ಇದು ಮನೆಯವರಿಗೆ ಎಲ್ಲಕ್ಕಿಂತ ದೊಡ್ಡದು. ಪೇಟೆಯಲ್ಲಿ ಇದಕ್ಕೆ ಬಿಡಿಗಾಸೂ ಹುಟ್ಟುವುದಿಲ್ಲ.

ವಿಚಿತ್ರವೇನೆಂದರೆ, ಕಾಲವನ್ನು ತೋರಿಸುವುದೆಂಬ ಮುಖ್ಯ ಉಪಯೋಗಕ್ಕೆ ಈ ನಾಲ್ಕರಲ್ಲಿ ಸ್ಥಾನವಿಲ್ಲ. ಕ್ವಾರ್ಟ್ಸ್ ಗಡಿಯಾರಗಳು ಬಂದಮೇಲೆ ಅಗ್ಗದ ಗಡಿಯಾರವೂ ಬಂಗಾರದ ಹಳೆಯ ಗಡಿಯಾರಕ್ಕಿಂತ ಸರಿಯಾಗಿ ನಡೆಯುತ್ತದೆ. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾಗಿ ದೇಶದ ಮನೆಮನೆಗೂ ಗಡಿಯಾರವನ್ನು ಕೊಟ್ಟ ಹೆಚ್.ಎಂ.ಟಿ. ಕಾರ್ಖಾನೆಯ ಬಾಗಿಲು ಮುಚ್ಚುವುದೆಂದು ೨೦೧೬ರಲ್ಲಿ ನಿರ್ಧಾರವಾಯಿತು. ಅನಂತರ ಅದರ ಹಳೆಯ ಗಡಿಯಾರಗಳನ್ನು ಜನರು ಹುಡುಕಿಕೊಂಡು ಹೋದರು. ಉಪಯೋಗವು ಹೋದಮೇಲೆ ಉಳಿಯುವ ಬೆಲೆಯು ಬಲ್ಲವರ ಮನಸ್ಸಿನಲ್ಲಿ ಮಾತ್ರ ಇರತಕ್ಕದ್ದು. ಹೆಂಗಸರ ಸಣ್ಣ ಗಡಿಯಾರಗಳಂತೂ ರೂಢಿ ತಪ್ಪಿದ ಕಾರಣ ಎಷ್ಟೋ ಸಂಖ್ಯೆಯಲ್ಲಿ ಕುಲುಮೆಗೆ ಬಿದ್ದು ಕರಗಿಹೋದುವು. ಅರಿಯದೆ ಮಾರಿದರೆ ಮನೆಯವರಿಗೆ ನಷ್ಟ. ಅರಿಯದೆ ಕರಗಿಸಿದರೆ ಲೋಕಕ್ಕೇ ನಷ್ಟ.

೩

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಭಾರತದ ಕರಾರು ಕಾನೂನು ೧೮೭೨ರದು. ಅದರ ಹದಿನೇಳನೆಯ ಕಲಮಿನಲ್ಲಿ ಕೇವಲ ಮೌನವು ವಂಚನೆಯಲ್ಲವೆಂಬ ನಿಯಮವಿದೆ. ಅದಕ್ಕೆ ಕೊಟ್ಟಿರುವ ಉದಾಹರಣೆಗಳು ವಿಚಾರಾರ್ಹವಾದುವು. ಒಬ್ಬನು ರೋಗವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುವಾಗ ಏನನ್ನೂ ಹೇಳದಿದ್ದರೆ ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ವಯಸ್ಸಿಗೆ ಬಂದ ಮಗಳಾಗಿದ್ದರೆ, ಆ ಸಂಬಂಧದ ಕಾರಣದಿಂದ ತಂದೆಯು ಹೇಳಲೇಬೇಕು. ಕೊಳ್ಳುವವನು "ನೀನು ಅಲ್ಲವೆನ್ನದಿದ್ದರೆ ಕುದುರೆಯು ಆರೋಗ್ಯವಾಗಿದೆಯೆಂದು ತಿಳಿಯುತ್ತೇನೆ" ಎಂದಾಗ ಸುಮ್ಮನಿದ್ದರೆ, ಆ ಮೌನವೇ ಮಾತು. ಇಬ್ಬರೂ ವ್ಯಾಪಾರಿಗಳಾಗಿದ್ದು ಒಬ್ಬನಿಗೆ ಪೇಟೆಯ ಧಾರಣೆ ಬದಲಾದ ಸುದ್ದಿ ಗುಟ್ಟಾಗಿ ತಿಳಿದಿದ್ದರೆ, ಅವನು ಹೇಳಬೇಕಾದುದಿಲ್ಲ. ಕಾನೂನು ಮೌನವನ್ನು ತೂಗುವುದು ಸಂಬಂಧದ ತಕ್ಕಡಿಯಲ್ಲಿ ಎಂದಾಯಿತು.

ಈ ತಕ್ಕಡಿಯಲ್ಲಿ ಮುದುಕಿಯ ಮಾತನ್ನು ಇಟ್ಟು ನೋಡಬೇಕು. "ಎಷ್ಟು ಕೊಡುತ್ತೀ?" ಎಂದು ಮಾತ್ರ ಕೇಳಿದ್ದರೆ ಅವಳು ಮಾರುವವಳು, ಅವನು ಕೊಳ್ಳುವವನು. "ನೀನೇ ನೋಡಿ ಹೇಳು" ಎಂದ ಕೂಡಲೆ ಅವನು ಬರಿಯ ಕೊಳ್ಳುವವನಾಗಿ ಉಳಿಯಲಿಲ್ಲ. ಹಿತ ಹೇಳುವವನ ಪೀಠದಲ್ಲಿ ಕುಳಿತನು. ಆ ಪೀಠವನ್ನು ಅವನು ಬೇಡವೆನ್ನಬಹುದಾಗಿತ್ತು. "ಅಮ್ಮಾ, ನಾನು ಕೊಳ್ಳುವವನು, ಬೆಲೆಯನ್ನು ಬೇರೆಯವರ ಹತ್ತಿರವೂ ಕೇಳಿ" ಎನ್ನಬಹುದಾಗಿತ್ತು. ಬೇಡವೆನ್ನದೆ ಕುಳಿತು, ಕುಳಿತಲ್ಲಿಂದ ಲಾಭವನ್ನು ತೆಗೆದುದು ಅವನ ತಪ್ಪು. ನ್ಯಾಯಾಲಯವು ಇದನ್ನು ಹಿಡಿಯುವುದೋ ಬಿಡುವುದೋ ಬೇರೆ ಮಾತು; ಧರ್ಮವು ಹಿಡಿಯದೆ ಬಿಡದು.

ರೋಮಿನ ಸಿಸೆರೊ ಎಂಬ ಪಂಡಿತನು ಕ್ರಿಸ್ತಪೂರ್ವ ೪೪ರಲ್ಲಿ ಕರ್ತವ್ಯಗಳ ಮೇಲೆ ಬರೆದ ಗ್ರಂಥದಲ್ಲಿ ಇದೇ ವಿಚಾರವನ್ನು ಎತ್ತಿದ್ದಾನೆ. ಬರಗಾಲದಲ್ಲಿರುವ ರೋಡ್ಸ್ ದ್ವೀಪಕ್ಕೆ ವರ್ತಕನೊಬ್ಬನು ಧಾನ್ಯವನ್ನು ತರುತ್ತಾನೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿರುವುದು ಅವನಿಗೆ ಮಾತ್ರ ಗೊತ್ತು. ಹೇಳಬೇಕೆ? ಹೇಳಬೇಕಾದುದಿಲ್ಲ, ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂದು ಬಾಬಿಲೋನಿನ ಡಯೋಜನೀಸನ ಪಕ್ಷ. ಮನುಷ್ಯರೆಲ್ಲ ಒಂದೇ ಸಮಾಜದವರಾದುದರಿಂದ ಹೇಳಲೇಬೇಕೆಂದು ಅವನ ಶಿಷ್ಯ ಆಂಟಿಪೇಟರನ ಪಕ್ಷ. ಸಿಸೆರೊ ಶಿಷ್ಯನ ಕಡೆಗೆ ನಿಂತನು. ಅದೇ ಗ್ರಂಥದಲ್ಲಿ ಸ್ಕೇವೋಲನೆಂಬವನ ಕಥೆಯೂ ಇದೆ. ಅವನು ಒಂದು ಜಮೀನನ್ನು ಕೊಳ್ಳಲು ಬೆಲೆ ಕೇಳಿದನು; ಮಾರುವವನು ಹೇಳಿದನು; ಅದು ಅದಕ್ಕಿಂತ ಹೆಚ್ಚು ಬಾಳುವುದೆಂದು ಸ್ಕೇವೋಲನು ತಾನಾಗಿಯೇ ಲಕ್ಷ ನಾಣ್ಯಗಳನ್ನು ಸೇರಿಸಿ ಕೊಟ್ಟನು. ಅವನನ್ನು ಒಳ್ಳೆಯವನೆಂದು ಎಲ್ಲರೂ ಒಪ್ಪುತ್ತಾರೆ, ಜಾಣನೆಂದು ಒಪ್ಪುವುದಿಲ್ಲ ಎಂದು ಸಿಸೆರೊ ನೊಂದುಕೊಳ್ಳುತ್ತಾನೆ. ಒಳ್ಳೆಯತನಕ್ಕೂ ಜಾಣತನಕ್ಕೂ ಇರುವ ಆ ಬಿರುಕು ಎರಡು ಸಾವಿರ ವರ್ಷಗಳಲ್ಲಿ ಕೂಡಿಕೊಂಡಿಲ್ಲ.

೪

ಇಲ್ಲಿ ಬಲವಾದ ಆಕ್ಷೇಪವೊಂದುಂಟು. ವ್ಯಾಪಾರಿಯು ಈ ತಿಳಿವಳಿಕೆಯನ್ನು ಬಿಟ್ಟಿಯಾಗಿ ಪಡೆದವನಲ್ಲ. ಹತ್ತಾರು ವರ್ಷ ಮುದ್ರೆಗಳನ್ನು ನೋಡಿ, ಎಷ್ಟೋ ಸಲ ಬೆರಕೆಯ ಮಾಲನ್ನು ಕೊಂಡು ಕೈಸುಟ್ಟುಕೊಂಡು ಕಲಿತವನು. ಅದನ್ನೆಲ್ಲ ಬಂದವರ ಮುಂದೆ ಹೇಳಿಬಿಟ್ಟರೆ ಅವನ ಶ್ರಮಕ್ಕೆ ಫಲವೇನು? ಮೇಲಾಗಿ, ಅವನು ಇಲ್ಲದಿದ್ದರೆ ಆ ಗಡಿಯಾರವು ಪತ್ತಾರನ ಕುಲುಮೆಗೆ ಹೋಗುತ್ತಿತ್ತು. ಅವನ ಕಣ್ಣಿನಿಂದಲೇ ಅದು ಉಳಿಯಿತು.

ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಇದೇ ಸೀಮೆಯ ಚರಿತ್ರೆಯು ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತದೆ. ಮಸ್ಕಿಯ ಬೆಟ್ಟದಲ್ಲಿ ೧೯೧೫ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಒಂದು ಬಂಡೆಯ ಮೇಲೆ ಅಕ್ಷರಗಳನ್ನು ಕಂಡನು. ಹೆಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದುವರೆಗೆ ದೇವಾನಾಂಪ್ರಿಯನೆಂಬ ಬಿರುದಿನಿಂದ ಮಾತ್ರ ಶಾಸನಗಳಲ್ಲಿ ತಿಳಿದಿದ್ದ ದೊರೆಯ ಅಶೋಕನೆಂಬ ಹೆಸರು ಅಲ್ಲಿ ಸ್ಪಷ್ಟವಾಗಿ ದೊರಕಿತು. ಚಿನ್ನವನ್ನು ಅರಸುತ್ತ ಹೋದ ಕಣ್ಣಿಗೆ ಚಿನ್ನಕ್ಕಿಂತ ಬೆಲೆಯುಳ್ಳ ಕಲ್ಲು ಸಿಕ್ಕಿತು. ಆ ಕಲ್ಲು ಎರಡು ಸಾವಿರ ವರ್ಷಗಳಿಂದ ಅಲ್ಲಿಯೇ ಇದ್ದುದು. ಓದಬಲ್ಲವರಿಂದ ಅದಕ್ಕೆ ಬೆಲೆ ಬಂದಿತು. ಬಲ್ಲವನು ಬೆಲೆಯನ್ನು ಹುಟ್ಟಿಸುವನೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಆದರೆ ಅವರು ತಿಳಿದುದನ್ನು ಪ್ರಕಟಿಸಿದರು, ಬಚ್ಚಿಡಲಿಲ್ಲ. ಅದರಿಂದ ಯಾರ ಕೈಯಿಂದಲೂ ಏನೂ ಹೋಗಲಿಲ್ಲ.

ಎರಡನೆಯದು ನೆಲದ ನಿದರ್ಶನ. ತುಂಗಭದ್ರೆಯ ಅಣೆಕಟ್ಟು ೧೯೫೩ರಲ್ಲಿ ಪೂರ್ತಿಯಾಗಿ ಎಡದಂಡೆಯ ಕಾಲುವೆಯು ಈ ಕಡೆಗೆ ನೀರು ತರುವುದಕ್ಕೆ ಮುಂಚೆ, ಮಳೆಯನ್ನೇ ನಂಬಿದ್ದ ಎರೆಯ ನೆಲಕ್ಕೆ ಇಲ್ಲಿ ಬೆಲೆ ಕಡಮೆಯಾಗಿತ್ತು. ನೀರಾವರಿಯ ಬೇಸಾಯವನ್ನು ಬಲ್ಲ ಆಂಧ್ರದ ಕರಾವಳಿಯ ರೈತರು ಬಂದು, ಅಗ್ಗದಲ್ಲಿ ನೆಲವನ್ನು ಕೊಂಡು, ಕ್ಯಾಂಪುಗಳನ್ನು ಕಟ್ಟಿ, ಬತ್ತದ ಗದ್ದೆಗಳನ್ನು ಮಾಡಿದರು. ಮಾರಿದವರ ಮಕ್ಕಳಲ್ಲಿ ಇದನ್ನು ನೆನೆದು ನಿಟ್ಟುಸಿರು ಬಿಡುವವರುಂಟು. ಆದರೆ ಕಾಲುವೆಯು ಗುಟ್ಟಿನ ಸುದ್ದಿಯಾಗಿರಲಿಲ್ಲ; ಅಣೆಕಟ್ಟು ಎಲ್ಲರ ಕಣ್ಣೆದುರಿಗೆ ಏಳುತ್ತಿತ್ತು. ಕೊಂಡವರು ತಮ್ಮ ಕಸುಬನ್ನೂ ದುಡಿಮೆಯನ್ನೂ ಆ ನೆಲಕ್ಕೆ ಸುರಿದು ಬೆಲೆಯನ್ನು ಬೆಳೆಸಿದರು. ಇಲ್ಲಿ ಲಾಭದ ದೊಡ್ಡ ಪಾಲು ಮೌನದ ಫಲವಲ್ಲ, ಶ್ರಮದ ಫಲ.

ಈ ಎರಡರಿಂದಲೂ ಒಂದು ವಿವೇಚನೆಯು ಸಿದ್ಧಿಸುತ್ತದೆ. ತಿಳಿವಳಿಕೆಯಿಂದ ವಸ್ತುವಿಗೆ ಹೊಸ ಬೆಲೆಯನ್ನು ಕೂಡಿಸಿ ಪಡೆದ ಲಾಭ ಒಂದು. ಆಗಲೇ ಇರುವ ಬೆಲೆಯನ್ನು ಒಡೆಯನ ಕಣ್ಣಿಗೆ ಕಾಣದಂತೆ ಇಟ್ಟು ಪಡೆದ ಲಾಭ ಮತ್ತೊಂದು. ಗಡಿಯಾರವನ್ನು ಬಿಚ್ಚಿ ತೊಳೆದು ನಡೆಯುವಂತೆ ಮಾಡಿದುದಕ್ಕೆ, ಸಂಗ್ರಾಹಕನನ್ನು ಹುಡುಕಿದುದಕ್ಕೆ, ಮಾರಾಟವಾಗದೆ ಉಳಿಯಬಹುದಾದ ನಷ್ಟವನ್ನು ಹೊತ್ತುದಕ್ಕೆ ವ್ಯಾಪಾರಿಯು ಕೂಲಿಯನ್ನೂ ಲಾಭವನ್ನೂ ಧಾರಾಳವಾಗಿ ತೆಗೆದುಕೊಳ್ಳಲಿ. ಮುದುಕಿಯ ಅಜ್ಞಾನಕ್ಕೆ ಮಾತ್ರ ಅವನು ಕೂಲಿ ಪಡೆಯಕೂಡದು. ಏಕೆಂದರೆ ಆ ಅಜ್ಞಾನವನ್ನು ಅವನು ದುಡಿದು ಸಂಪಾದಿಸಿದುದಲ್ಲ. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಎಂಬ ಗಾದೆಯನ್ನು ನೆನೆದು ಅವನು ಸಮಾಧಾನ ತಂದುಕೊಳ್ಳಬಹುದು. ಆದರೆ ಗಾದೆಯು ಕಸ್ತೂರಿಯನ್ನು ಕದಿಯುವುದಕ್ಕೆ ಅನುಮತಿಯನ್ನು ಕೊಟ್ಟಿಲ್ಲ.

೫

ಪೂರ್ವಿಕರು ಈ ವಿಷಯದಲ್ಲಿ ಏನೆಂದರೆಂಬುದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರವು ಕನ್ನಡನಾಡಿನಲ್ಲಿ ಹುಟ್ಟಿ ಬಹುಮಟ್ಟಿಗೆ ಭರತಖಂಡವನ್ನೆಲ್ಲ ಆಳಿದ ಗ್ರಂಥ. ಆ ಸ್ಮೃತಿಯಲ್ಲಿ ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡಲು ಕಾಲಾವಧಿಯನ್ನು ಕೊಟ್ಟಿದೆ: ಕಬ್ಬಿಣಕ್ಕೆ ಒಂದು ದಿನ, ಕರೆಯುವ ಹಸುವಿಗೆ ಮೂರು, ಹೊರೆ ಹೊರುವ ಪ್ರಾಣಿಗೆ ಐದು, ರತ್ನಕ್ಕೆ ಏಳು, ಬೀಜಕ್ಕೆ ಹತ್ತು. ತಿಳಿಯುವುದು ಕಷ್ಟವಾದಷ್ಟೂ ಅವಧಿ ಹೆಚ್ಚು ಎಂಬ ತತ್ತ್ವವು ಇದರಲ್ಲಿ ಅಡಗಿದೆ. ಒಡನೆ ಕೊಂಡು ಒಡನೆ ಮಾರುವ ವರ್ತಕನಿಗೆ ಸ್ವದೇಶದ ಸರಕಿನಲ್ಲಿ ನೂರಕ್ಕೆ ಐದು, ಪರದೇಶದ ಸರಕಿನಲ್ಲಿ ನೂರಕ್ಕೆ ಹತ್ತು ಲಾಭವೆಂದೂ ಹೇಳಿದೆ. ಒಡೆಯನಲ್ಲದವನಿಂದ ಕೊಳ್ಳುವ ಪ್ರಕರಣದಲ್ಲಿ, ಗುಟ್ಟಾಗಿಯೂ ಅತಿ ಕಡಮೆ ಬೆಲೆಗೂ ಹೊತ್ತಲ್ಲದ ಹೊತ್ತಿನಲ್ಲಿಯೂ ಕೊಂಡವನನ್ನು ಕಳ್ಳನ ಸಾಲಿಗೆ ಸೇರಿಸಿದೆ. ಅತಿ ಕಡಮೆ ಬೆಲೆಯೇ ಕೊಳ್ಳುವವನ ಮನಸ್ಸಿಗೆ ಎಚ್ಚರಿಕೆಯ ಗಂಟೆಯಾಗಬೇಕೆಂಬುದು ಇದರ ಇಂಗಿತ.

ಈ ಮಾತು ಮಾರುವ ಮನೆಯ ಕಡೆಗೂ ತಿರುಗುತ್ತದೆ. ಗಡಿಯಾರವು ಯಾರದು? ಸಣ್ಣ ಬಂಗಾರದ ಗಡಿಯಾರವು ಹಿರಿಯಳಿಗೆ ಉಡುಗೊರೆಯಾಗಿ ಬಂದುದಾದರೆ ಅದು ಅವಳ ಸ್ತ್ರೀಧನ. ಸ್ತ್ರೀಧನದ ಅರ್ಥವನ್ನು ವಿಸ್ತರಿಸಿ, ದಾಯದಿಂದ ಬಂದುದನ್ನೂ ಕೊಂಡುದನ್ನೂ ಸೇರಿಸಿ ಹೇಳಿದ ಕೀರ್ತಿ ವಿಜ್ಞಾನೇಶ್ವರನದೇ. ಅವಳನ್ನು ಕೇಳದೆ, "ಹೇಗೂ ನಡೆಯದ ಗಡಿಯಾರ" ಎಂದು ಮಗನು ಮಾರಿದರೆ, ವ್ಯಾಪಾರಿಯ ಮೌನಕ್ಕಿಂತ ಮಗನ ಮಾತು ಹೆಚ್ಚಿನ ತಪ್ಪು. ಬೆಲೆ ಬರಲೆಂದು ಮಾಸಿದ ಫಲಕಕ್ಕೆ ಬಣ್ಣ ಹಾಕಿಸಿ ಅದನ್ನು ಹೇಳದಿರುವುದು, ಯಾವುದೋ ನವಾಬರ ಮನೆಯಿಂದ ಬಂದುದೆಂದು ಕಥೆ ಕಟ್ಟುವುದು, ನಿಂತ ಗಡಿಯಾರವನ್ನು ಅಲುಗಾಡಿಸಿ ನಾಲ್ಕು ನಿಮಿಷ ನಡೆಸಿ ತೋರಿಸುವುದು, ಇವೆಲ್ಲವೂ ಅದೇ ದೋಷದ ಕವಲುಗಳು. ಅರಿಯದವನಾಗಿದ್ದಾಗ ಬಲ್ಲವನಿಂದ ಸತ್ಯವನ್ನು ಬಯಸುವವನು, ತಾನು ಬಲ್ಲವನಾದಾಗ ಅದನ್ನು ಕೊಡಬೇಕು.

೬

ಹಾಗಾದರೆ ನಡೆಯಬೇಕಾದ ದಾರಿ ಯಾವುದು? ಎಲ್ಲರೂ ಸ್ಕೇವೋಲರಾಗಬೇಕೆಂದು ವಿಧಿಸಿದರೆ ವ್ಯಾಪಾರವು ನಡೆಯದು. ವಿಧಿಯು ಪುಸ್ತಕದಲ್ಲಿಯೇ ಉಳಿಯುವುದು. ಅದಕ್ಕಿಂತ ಕೈಗೆ ಎಟಕುವ ನಿಯಮವೊಂದಿದೆ. ಬಲ್ಲವನು ಮೊದಲು ತಾನು ಯಾವ ಪೀಠದಲ್ಲಿ ಕುಳಿತಿರುವನೆಂಬುದನ್ನು ತಿಳಿಸಲಿ: ಬೆಲೆ ಕಟ್ಟುವವನೋ, ಕೊಳ್ಳುವವನೋ? ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡದಿರಲಿ. ಬೆಲೆ ಕಟ್ಟುವುದಾದರೆ ತಕ್ಕ ಕೂಲಿಯನ್ನು ತೆಗೆದುಕೊಂಡು, ಮುದ್ರೆ ಯಾವುದು, ಸಂಖ್ಯೆ ಯಾವುದು, ಕಾಲ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಲಿ. ಕೊಳ್ಳುವುದಾದರೆ, ಬಂಗಾರದ ಬೆಲೆ ಇಷ್ಟು, ಉಳಿದುದು ಇಷ್ಟು ಎಂದು ಬೇರೆ ಬೇರೆಯಾಗಿ ಹೇಳಿ, ರತ್ನಕ್ಕೆ ಸ್ಮೃತಿಯು ಕೊಟ್ಟ ಏಳು ದಿನಗಳನ್ನು ಮಾರುವವರಿಗೂ ಕೊಡಲಿ. ಆ ಏಳು ದಿನಗಳಲ್ಲಿ ಅವರು ಇನ್ನಿಬ್ಬರನ್ನು ಕೇಳಿಕೊಂಡು ಬರಲಿ. ಮನೆಯವರು ಮಾರುವ ಮುನ್ನ ಗಡಿಯಾರವನ್ನು ತಿಕ್ಕಿ ತೊಳೆಯದೆ, ಬಿಲ್ಲನ್ನೂ ಭಾವಚಿತ್ರವನ್ನೂ ಜೊತೆಗಿಟ್ಟು, ಒಡತಿಯ ಒಪ್ಪಿಗೆಯನ್ನು ಕೇಳಿ ಹೊರಡಲಿ.

ಹೀಗೆ ನಡೆದರೆ ವ್ಯಾಪಾರಿಗೆ ಒಂದು ಗಡಿಯಾರದಲ್ಲಿ ಲಾಭವು ಕಡಮೆಯಾಗುವುದು ನಿಜ. ಆದರೆ ಹತ್ತು ಊರುಗಳಲ್ಲಿ, ಇವನ ಮುಂದೆ ಪೆಟ್ಟಿಗೆಯನ್ನು ಧೈರ್ಯವಾಗಿ ತೆರೆಯಬಹುದೆಂಬ ಮಾತು ಹುಟ್ಟಿದರೆ, ಎಷ್ಟೋ ಪೆಟ್ಟಿಗೆಗಳು ಅವನ ಮುಂದೆ ತೆರೆಯುವುವು. ಈ ಲಾಭದ ಆಸೆಯಿಂದಲೇ ಪ್ರಾಮಾಣಿಕನಾಗಬೇಕೆಂದಲ್ಲ. ಪ್ರಾಮಾಣಿಕತೆಯು ವ್ಯಾಪಾರಕ್ಕೆ ಹಗೆಯೆಂಬ ಭಯಕ್ಕೆ ಕಾರಣವಿಲ್ಲವೆಂದಷ್ಟೆ. ಬಂಗಾರದ ಪರಿಶುದ್ಧತೆಗೆ ಸರಕಾರವು ೨೦೨೧ರಲ್ಲಿ ಮುದ್ರೆಯನ್ನು ಕಡ್ಡಾಯಮಾಡಿತು. ಬಲ್ಲವನ ಮಾತಿನ ಪರಿಶುದ್ಧತೆಗೆ ಯಾವ ಸರಕಾರವೂ ಮುದ್ರೆಯೊತ್ತಲಾರದು. ಅರಿಯದವರು ಅವನನ್ನು ನಂಬಿ ಕೇಳುವ ಒಂದು ಗಳಿಗೆಯೇ ಅದಕ್ಕೆ ಒರೆಗಲ್ಲು. ಆ ಗಳಿಗೆಯಲ್ಲಿ ಅವನು ಏನು ಹೇಳಿದನೆಂಬುದು ಬೇರೆ ಯಾರಿಗೂ ತಿಳಿಯದೆ ಹೋಗಬಹುದು. ತಾನು ಏನನ್ನು ಹೇಳದೆ ಉಳಿಸಿಕೊಂಡೆನೆಂಬುದು ಅವನಿಗೆ ತಿಳಿದೇ ಇರುವುದು.